ಅರವತ್ತರ ಮೇಲೆ ಬಣ್ಣ ಹಚ್ಚಿದವರು

'ಲಿಟಲ್ ಬಿಗ್ ಮ್ಯಾನ್' ಸಿನಿಮಾವನ್ನು ನಾನು ನೋಡಿದ್ದು ಡಸ್ಟಿನ್ ಹಾಫ್‌ಮನ್‌ಗೋಸ್ಕರ. ಮನಸ್ಸಲ್ಲಿ ಉಳಿದದ್ದು ಮಾತ್ರ ಅದರಲ್ಲಿ ಬರುವ ಮುದುಕ. ಚೆಯೆನ್ ಬುಡಕಟ್ಟಿನ ನಾಯಕ ಅವನು. ಇನ್ನು ಸಾಕು ಅಂತ ಬೆಟ್ಟ ಹತ್ತಿ, ಪ್ರಾರ್ಥನೆ ಮುಗಿಸಿ, ಅಂಗಾತ ಮಲಗಿ ಸಾವಿಗೆ ಕಾಯ್ತಾನೆ. ಸಾವು ಬರಲ್ಲ, ಮಳೆ ಬರುತ್ತೆ! ಮುಖದ ಮೇಲೆ ಹನಿ ಬಿದ್ದು ಕಣ್ಣು ಬಿಟ್ಟವನು ಎದ್ದು ಮನೆ ಕಡೆ ನಡೀತಾನೆ. ಮೂಲ ಕಾದಂಬರಿಯಲ್ಲಿ ಅವನು ಸತ್ತೇ ಹೋಗ್ತಾನೆ. ನನಗೆ ಸಿನಿಮಾದ್ದೇ ಇಷ್ಟ.

ಆ ಮುದುಕನ ಪಾತ್ರ ಮಾಡಿದವರು ಕೆನಡಾದ ಚೀಫ್ ಡ್ಯಾನ್ ಜಾರ್ಜ್. 1970ರಲ್ಲಿ ಸಿನಿಮಾ ಬಂದಾಗ ಅವರಿಗೆ 71. 'ಚೀಫ್' ಅನ್ನೋದು ಸಿನಿಮಾದವರು ಅಂಟಿಸಿದ ಬಿರುದಲ್ಲ. ವ್ಯಾಂಕೂವರ್ ಪಕ್ಕದ ಸ್ಲೇಲ್-ವಾಟುತ್ ಜನಕ್ಕೆ 1951ರಿಂದ 63ರವರೆಗೆ ಅವರು ನಿಜವಾಗಲೂ ಮುಖ್ಯಸ್ಥರಾಗಿದ್ದರು.

ಹುಟ್ಟಿದ್ದು 1899ರಲ್ಲಿ. ಮನೆಯವರಿಟ್ಟ ಹೆಸರು ಬೇರೆ. ಐದು ವರ್ಷಕ್ಕೇ ಮಿಷನರಿಗಳ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ತಾಯಿಭಾಷೆ ಆಡುವಂತಿಲ್ಲ. ಹೆಸರೂ ಬದಲಾಗಿ ಡ್ಯಾನ್ ಜಾರ್ಜ್ ಆಯ್ತು. ದೊಡ್ಡವರಾದ ಮೇಲೆ ಬಂದರಿನಲ್ಲಿ ಹಡಗಿಗೆ ಮರ ತುಂಬುವ ಕೂಲಿ, ಒಂದೆರಡು ವರ್ಷವಲ್ಲ, ಇಪ್ಪತ್ತೇಳು ವರ್ಷ. ಮರದ ದಿಮ್ಮಿಗಳ ಹೊರೆ ಬಡಿದು ಪೆಟ್ಟಾದ ಮೇಲೆ ಆ ಕೆಲಸವೂ ನಿಂತಿತು. ಮುಂದೆ ಸ್ಕೂಲ್ ಬಸ್ ಓಡಿಸಿದರು.

ನಮ್ಮಲ್ಲಿ ಷಷ್ಟಿಪೂರ್ತಿ ಮಾಡಿಸಿಕೊಂಡು 'ಇನ್ನು ರಾಮಾ ಕೃಷ್ಣಾ' ಅನ್ನುವ ವಯಸ್ಸಲ್ಲಿ ಅವರಿಗೆ ನಟನೆ ಸಿಕ್ಕಿತು. ಕೆನಡಾದ ಸಿಬಿಸಿ ಟಿವಿಯ 'ಕ್ಯಾರಿಬೂ ಕಂಟ್ರಿ' ಧಾರಾವಾಹಿಯಲ್ಲಿ ಮೂಲನಿವಾಸಿ ಮುದುಕನ ಪಾತ್ರವನ್ನು ಬಿಳಿಯ ನಟರೊಬ್ಬರು ಮಾಡ್ತಿದ್ದರು. (ಆ ಕಾಲದಲ್ಲಿ ಅದೇ ರೂಢಿ, ಹಾಲಿವುಡ್‌ನಲ್ಲೂ ಅಷ್ಟೇ.) ಅವರು ಕಾಯಿಲೆ ಬಿದ್ದರು. ಅದೇ ಧಾರಾವಾಹಿಯಲ್ಲಿದ್ದ ಡ್ಯಾನ್ ಅವರ ಮಗ, ನಮ್ಮಪ್ಪನ್ನ ಕರೀರಿ ಅಂದ.

1967ರ ಜುಲೈ 1 ಕೆನಡಾಕ್ಕೆ ನೂರು ತುಂಬಿದ ದಿನ. ವ್ಯಾಂಕೂವರ್‌ನ ಎಂಪೈರ್ ಸ್ಟೇಡಿಯಂನಲ್ಲಿ ಸುಮಾರು 32,000 ಜನ ಹಬ್ಬ ಮಾಡೋಕೆ ಸೇರಿದ್ದರು. ಅಲ್ಲಿ ಮೈಕ್ ಮುಂದೆ ನಿಂತು ಈ ಮನುಷ್ಯ ಶೋಕಗೀತೆ ಓದಿದರು. ನಿಮ್ಮ ಈ ನೂರು ವರ್ಷಗಳಲ್ಲಿ ನಮ್ಮ ಕಾಡು ಹೋಯ್ತು, ಮೀನು ಹೋಯ್ತು, ಸ್ವಾತಂತ್ರ್ಯ ಹೋಯ್ತು, ನಾನ್ಯಾಕೆ ಸಂಭ್ರಮಿಸಲಿ ಅನ್ನೋದು ಅದರ ಸಾರ. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ವಿದ್ಯೆಯನ್ನೇ ಹಿಡಿದುಕೊಂಡು ನಮ್ಮವರು ಮತ್ತೆ ಏಳ್ತಾರೆ ಅಂತಲೂ ಹೇಳಿದರು. ಮದುವೆ ಮನೆಯಲ್ಲಿ ಸಾವಿನ ಸುದ್ದಿ ಹೇಳೋಕೆ ಎಂಥ ಎದೆ ಬೇಕು! ಅದೂ ಶಾಲೆಯಲ್ಲಿ ಬಲವಂತವಾಗಿ ಕಲಿಸಿದ ಇಂಗ್ಲಿಷಿನಲ್ಲೇ.

ಆಮೇಲೆ 'ಲಿಟಲ್ ಬಿಗ್ ಮ್ಯಾನ್'ಗೆ ಪೋಷಕ ನಟರ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂತು. ಪ್ರಶಸ್ತಿ ಹೋಗಿದ್ದು ಜಾನ್ ಮಿಲ್ಸ್‌ಗೆ, ಮಾತೇ ಆಡದ ಪಾತ್ರಕ್ಕೆ. ನ್ಯೂಯಾರ್ಕ್ ವಿಮರ್ಶಕರ ಪ್ರಶಸ್ತಿ ಮಾತ್ರ ಇವರಿಗೇ ಬಂತು. ತನ್ನ ಜನರನ್ನು ಹೀನಾಯವಾಗಿ ತೋರಿಸುವ ಪಾತ್ರ ಬಂದರೆ ಒಲ್ಲೆ ಅಂತಿದ್ದರು.

1976ರ 'ದಿ ಔಟ್‌ಲಾ ಜೋಸಿ ವೇಲ್ಸ್' ಸಿಕ್ಕರೆ ನೋಡಿ. ಕ್ಲಿಂಟ್ ಈಸ್ಟ್‌ವುಡ್ ಜೊತೆ, ಕೋಟು ಹಾಕಿಕೊಂಡ ಚೆರೋಕೀ ಮುದುಕನಾಗಿ ಬರ್ತಾರೆ. ಸರ್ಕಾರದವರು ತನ್ನ ಜನಕ್ಕೆ ಹೇಗೆ ನಯವಾಗಿ ಬುದ್ಧಿವಾದ ಹೇಳಿ ಕಳಿಸಿದರು ಅನ್ನೋದನ್ನ ಮುಖದಲ್ಲಿ ಒಂದು ಗೆರೆ ಅಲುಗಿಸದೆ ಹೇಳ್ತಾರೆ. ನಾನು ಮೊದಲು ನಕ್ಕೆ. ವಸತಿ ಶಾಲೆ ನೆನಪಾಗಿದ್ದು ಆಮೇಲೆ.