ಪ್ಲಾಸ್ಟಿಕ್‌ನ ಜ್ವಾಲಾನಿರೋಧಕಗಳು

ಪ್ಲಾಸ್ಟಿಕ್‌ಗೆ ಬೆಂಕಿ ಬೇಗ ಹತ್ತದಂತೆ, ಹತ್ತಿದರೂ ಹರಡದಂತೆ ಬೆರೆಸುವ ರಾಸಾಯನಿಕಗಳು. ಇವುಗಳಿಂದ ಪ್ಲಾಸ್ಟಿಕ್ ಸುಡದ ವಸ್ತುವಾಗುವುದಿಲ್ಲ. ಪಾರಾಗಲು ಸಮಯ ಸಿಗುತ್ತದೆ, ಅಷ್ಟೇ. ಬ್ರೋಮಿನ್ ಸಂಯುಕ್ತಗಳು ಕಾದಾಗ ಹೈಡ್ರೋಜನ್ ಬ್ರೋಮೈಡ್ ಬಿಟ್ಟು, ಜ್ವಾಲೆಯ ಸರಪಳಿ ಕ್ರಿಯೆಯನ್ನು ತುಂಡರಿಸುತ್ತವೆ. ಆಂಟಿಮನಿ ಟ್ರೈಆಕ್ಸೈಡ್ ಜೊತೆಗಿದ್ದರೆ ಇನ್ನೂ ಸಮರ್ಥ. ಆದರೆ ಸಾಮರ್ಥ್ಯವೊಂದೇ ಆಯ್ಕೆಯ ಅಳತೆಗೋಲಾಗದು. ಪರಿಸರದಲ್ಲಿ ಬೇಗ ವಿಘಟನೆಯಾಗದೆ ಜೀವಿಗಳ ದೇಹದಲ್ಲಿ ಶೇಖರವಾಗುವ ಡೆಕಾಬ್ರೋಮೋಡೈಫಿನೈಲ್ ಈಥರ್ ಎಂಬ ಬ್ರೋಮಿನ್ ಸಂಯುಕ್ತ 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿ ಸೇರಿತು. ಬ್ರೋಮಿನ್ ಇಲ್ಲದ ಇನ್ನೊಂದು ಜ್ವಾಲಾನಿರೋಧಕವಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತನ್ನ ತೂಕದ ಮೂರನೇ ಒಂದರಷ್ಟನ್ನು ನೀರಾವಿಯಾಗಿ ಬಿಟ್ಟು ತಣಿಸುತ್ತದೆ. ತೂಕದಲ್ಲಿ ಶೇ. 60ರಷ್ಟು ಬೆರೆಸಬೇಕಾಗಿ ಪ್ಲಾಸ್ಟಿಕ್ ಪೆಡಸಾಗುತ್ತದೆಂಬ ಆಕ್ಷೇಪ ನಿಜ. ನೈಲಾನ್‌ನಲ್ಲಂತೂ ಅಚ್ಚು ಹೊಯ್ಯುವ ಕಾವಿಗೇ ಈ ಹೈಡ್ರಾಕ್ಸೈಡ್ ವಿಘಟನೆಯಾಗುತ್ತದೆ. ಆದರೆ ಕೇಬಲ್ ಹೊದಿಕೆಗೆ ಈ ಆಕ್ಷೇಪ ಅಷ್ಟಾಗಿ ತಟ್ಟದು: ಅಲ್ಲಿ ಹೊಗೆ ತಗ್ಗುವುದೇ ದೊಡ್ಡ ಲಾಭ, ಏಕೆಂದರೆ ಬೆಂಕಿ ಅನಾಹುತಗಳಲ್ಲಿ ಹೊಗೆಗೆ ಬಲಿಯಾಗುವವರೇ ಹೆಚ್ಚು.