ಹಂಡೆ ನೀರು, ಮೂರ್ಛೆ ಮತ್ತು ನಿಮ್ಹಾನ್ಸ್ ಸ್ಕ್ಯಾನಿಂಗ್

ಕಳಸ, ಮೂಡಿಗೆರೆ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬಂದವರು ಊರೂರಲ್ಲೂ ಸಿಗುತ್ತಾರೆ. ಬಂದವರು ದೊಡ್ಡ ಕವರಿನಿಂದ ಕಪ್ಪು ಫಿಲ್ಮ್ ತೆಗೆದು ಕಿಟಕಿ ಬೆಳಕಿಗೆ ಹಿಡಿಯುತ್ತಾರೆ. "ಸ್ಕ್ಯಾನಿಂಗ್ ನಾರ್ಮಲ್ ಅಂದ್ರು, ಆದ್ರೂ ಮಾತ್ರೆ ಕೊಟ್ಟಿದಾರೆ!" ಎನ್ನುವ ಗೊಂದಲ ನಾವು ಎಷ್ಟೋ ಸಲ ಕೇಳಿದ್ದೇವೆ. ಇದಕ್ಕೆ ಉತ್ತರ ಆ ಸಂಸ್ಥೆಯ ಹಳೆಯ ಕೆಲಸದಲ್ಲೇ ಇದೆ. ಅದು ನಮ್ಮ ಬಚ್ಚಲುಮನೆಗೂ ಸೇರಿದ ಕಥೆ.

1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆಗಿನ್ನೂ ಮಿದುಳಿನ ಒಳಗನ್ನು ನೋಡುವುದು ರೋಗಿಗೆ ಹಿಂಸೆಯ ಕೆಲಸ. ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಮಿದುಳು ಕಾಣುವುದಿಲ್ಲ. ಹಾಗಾಗಿ ಆ ಕಾಲದ ದೊಡ್ಡ ಆಸ್ಪತ್ರೆಗಳಲ್ಲಿ ಬೆನ್ನುಹುರಿಯ ನೀರು ತೆಗೆದು ಗಾಳಿ ತುಂಬಿ ಚಿತ್ರ ತೆಗೆಯುತ್ತಿದ್ದರು. ಆಮೇಲೆ ತಡೆಯಲಾರದ ತಲೆನೋವು. ಸಿ.ಟಿ. ಸ್ಕ್ಯಾನಿನಲ್ಲಿ ಮೊದಲ ರೋಗಿಯ ಮಿದುಳು ಕಂಡದ್ದು 1971ರಲ್ಲಿ, ಲಂಡನ್ನಿನಲ್ಲಿ. ಆಮೇಲೆ ಎಂ.ಆರ್.ಐ. ಬಂತು. ಇವೆಲ್ಲ ನಿಮ್ಹಾನ್ಸ್‌ಗೂ ಬಂದವು. ಇಂದು ಅಲ್ಲಿನ ವಿಭಾಗ ಚಿತ್ರ ತೆಗೆಯುವುದಷ್ಟೇ ಅಲ್ಲ, ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಮಿದುಳಿನವರೆಗೆ ಹೋಗಿ ಚಿಕಿತ್ಸೆಯನ್ನೂ ಮಾಡುತ್ತದೆ, ಆ ವಿದ್ಯೆಯನ್ನು ಕಲಿಸುತ್ತದೆ.

ಇನ್ನು ಬಚ್ಚಲುಮನೆಗೆ ಬರೋಣ. ತಲೆಗೆ ಚೊಂಬಿನಲ್ಲಿ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಪಿಟ್ಸ್ ಬರುತ್ತದೆ. ನ್ಯೂಜಿಲೆಂಡಿನ ಒಬ್ಬ ಹುಡುಗನಲ್ಲಿ ಇದನ್ನು ಕಂಡು 1945ರಲ್ಲೇ ಬರೆದಿದ್ದರು. ಆದರೆ ಇದು ಹೆಚ್ಚಾಗಿ ಕಂಡದ್ದು ನಮ್ಮ ಕರ್ನಾಟಕದಲ್ಲಿ. ನರರೋಗ ತಜ್ಞ ಡಾ. ಕೆ. ಎಸ್. ಮಣಿ 1960ರ ದಶಕದ ಕೊನೆಯಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಹೆಚ್ಚಿನವರು ಮಕ್ಕಳು ಮತ್ತು ಹರೆಯದವರು, ಹುಡುಗರೇ ಜಾಸ್ತಿ. ವಿಚಿತ್ರವೆಂದರೆ, ಕೆಲವರಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖ ಅನ್ನಿಸಿ, ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಹೊರಗಿನವರು ಬಾಗಿಲು ಬಡಿದರೂ ಕೇಳುವುದಿಲ್ಲ. ಇದನ್ನು ಗಾಳಿ ಸೋಕಿದ್ದು ಅಂದುಕೊಂಡರೆ ಆಶ್ಚರ್ಯವೇನು?

ಇಂಥವರಿಗೆ ಸಿ.ಟಿ., ಎಂ.ಆರ್.ಐ. ಮಾಡಿದರೆ ಸಾಮಾನ್ಯವಾಗಿ ಎಲ್ಲ ಸರಿಯಾಗೇ ಕಾಣುತ್ತದೆ. ಏಕೆಂದರೆ ಆ ಚಿತ್ರ ಮಿದುಳಿನ ಆಕಾರ ತೋರಿಸುತ್ತದೆ. ಮೋಟಾರು ಬಿಚ್ಚಿ ನೋಡಿದರೆ ತಂತಿಯೆಲ್ಲ ಸರಿ ಇದೆ, ಓಡಿಸಿದಾಗ ಮಾತ್ರ ಕಿಡಿ ಹಾರುತ್ತದೆ, ಹಾಗೆ. ಓಡುವಾಗಲೇ ನೋಡಬೇಕು. 2001ರಲ್ಲಿ ಸತೀಶ್ಚಂದ್ರ, ಕೆ. ಜಿ. ಕಲ್ಲೂರ್, ನಿಮ್ಹಾನ್ಸ್ ವಿಕಿರಣ ವಿಭಾಗದ ಪಿ. ಎನ್. ಜಯಕುಮಾರ್ ಪ್ರಕಟಿಸಿದ್ದು ಅಂಥ ಕೆಲಸವನ್ನೇ. ಸ್ಪೆಕ್ಟ್ ಎಂಬ ಈ ಸ್ಕ್ಯಾನಿನಲ್ಲಿ ಅಲ್ಪ ವಿಕಿರಣವಿರುವ ಔಷಧಿಯನ್ನು ರಕ್ತಕ್ಕೆ ಕೊಡುತ್ತಾರೆ. ಆ ಕ್ಷಣದಲ್ಲಿ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೋ ಅಲ್ಲಿ ಅದು ಹೆಚ್ಚು ಸೇರುತ್ತದೆ. ಪಿಟ್ಸ್ ಬಂದ ಹೊತ್ತಿನಲ್ಲಿ ತೆಗೆದ ಚಿತ್ರಗಳಲ್ಲಿ ಕಿವಿಯ ಮೇಲ್ಭಾಗದ ಒಳಗಿರುವ ಟೆಂಪೊರಲ್ ಭಾಗ ಮತ್ತು ಮೈಶಾಖ ನೋಡಿಕೊಳ್ಳುವ ಹೈಪೊಥಲಾಮಸ್ ಹೊಳೆದು ಕಂಡವು. ಇದಕ್ಕಿಂತ ದೊಡ್ಡ ಸಾಕ್ಷಿ ಆ ಮನೆಯವರಿಗೆ ಬೇರೆ ಬೇಕಿಲ್ಲ ಅಂತ ನಮ್ಮ ಅನಿಸಿಕೆ.

ಅನೇಕರಿಗೆ ಚಿಕಿತ್ಸೆಯೂ ಸರಳ: ನೀರಿನ ಬಿಸಿ ಇಳಿಸುವುದು. ಅಷ್ಟಕ್ಕೆ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ನುಂಗುವಂತೆ ವೈದ್ಯರು ಕ್ಲೋಬಜಾಮ್ ಎಂಬ ಮಾತ್ರೆ ಬರೆದುಕೊಡುತ್ತಾರೆ. ಕೆಲವರಿಗೆ ದಿನವೂ ಔಷಧಿ ಬೇಕಾಗುತ್ತದೆ. ಒಲೆ ಪಕ್ಕದ ಬಚ್ಚಲಲ್ಲಿ ಬಿದ್ದರೆ ಸುಟ್ಟಗಾಯದ ಭಯ ಬೇರೆ, ಆದ್ದರಿಂದ ಅಂಥ ಮಕ್ಕಳು ಒಳಗಿನಿಂದ ಚಿಲಕ ಹಾಕಬಾರದು.

ಫೈಲು ಹಿಡಿದು ವೈದ್ಯರ ಮುಂದೆ ಕೂತಾಗ "ಪಿಟ್ಸ್ ಬಂತು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ತಲೆಗೆ ನೀರು ಬೀಳುವಾಗ ಬಂತೋ, ಎಷ್ಟು ಬಿಸಿ ಇತ್ತು, ಎಷ್ಟನೇ ಸಲ, ಎಲ್ಲ ಹೇಳಿ. ಕಿಟಕಿಗೆ ಹಿಡಿದ ಆ ಫಿಲ್ಮಿನಲ್ಲಿ ಅದು ಬರೆದಿರುವುದಿಲ್ಲ.