ನಿಂತವರಿಗೆ ದೀಪವಿಲ್ಲ

ನಮ್ಮ ಸೊಸೈಟಿಯ ಗೇಟಿನಿಂದ ಬಿಲ್ಡಿಂಗಿನ ಬಾಗಿಲವರೆಗಿನ ಹಾದಿಗೆ ಸೆನ್ಸರ್ ದೀಪ ಹಾಕಿಸೋಣ ಅಂತ ಕಮಿಟಿ ಮೀಟಿಂಗಿನಲ್ಲಿ ಮೊದಲು ಬಾಯಿ ತೆರೆದವನು ನಾನೇ. ಯಾರಾದರೂ ಬಂದರೆ ಹತ್ತುತ್ತದೆ, ಹೋದರೆ ಆರುತ್ತದೆ. ಹಳೇ ಸ್ವಿಚ್ಚನ್ನು ಕಿತ್ತೇ ಹಾಕಿದೆವು, ಇದ್ದರೆ ಯಾರೂ ಆರಿಸೋದಿಲ್ಲ ಅಂತ. ಕರೆಂಟ್ ಬಿಲ್ ಇಳಿಯಿತು, ನಾನೂ ಸ್ವಲ್ಪ ಬೀಗಿದೆ.

ಕಳೆದ ಮಳೆಗಾಲದ ಒಂದು ಸಂಜೆ ನಮ್ಮವ್ವ ಗುಡಿಯಿಂದ ಬರುವಾಗ ದಣಿವಾರಿಸಿಕೊಳ್ಳಲು ಹಾದಿಯ ನಡುವೆ ನಿಂತಳು. ದೀಪ ಆರಿತು. ಕತ್ತಲಲ್ಲಿ ಮುಂದಿಟ್ಟ ಕಾಲು ಮೆಟ್ಟಿಲು ತಪ್ಪಿತು, ಬಿದ್ದು ಮಣಿಕಟ್ಟಿನ ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಧಾರವಾಡದ ಮಾತಿನಲ್ಲೇ ಕೇಳಿದಳು: "ಅಲ್ಲೋ ತಮ್ಮಾ, ನಿಂತ ಮನಶ್ಯಾ ಮನಶ್ಯಾ ಅಲ್ಲೇನು ಅದಕ್ಕ?"

ನನ್ನ ಬಳಿ ಉತ್ತರ ಇರಲಿಲ್ಲ. ಹುಡುಕಲು ಕೂತೆ.

ಬೀದಿ ದೀಪಕ್ಕೆ ಮೊದಲಿನಿಂದಲೂ ಒಂದು ಕೈ ಇತ್ತು ನೋಡಿ. ಮುಂಬಯಿಯ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 1865ರಲ್ಲಿ. ಸಂಜೆಯಾದರೆ ಒಬ್ಬ ಮನುಷ್ಯ ಕಂಬದಿಂದ ಕಂಬಕ್ಕೆ ನಡೆದು ಒಂದೊಂದನ್ನೇ ಹೊತ್ತಿಸಬೇಕು. 1882ರಲ್ಲಿ ಕ್ರಾಫರ್ಡ್ ಮಾರ್ಕೆಟ್ಟಿಗೆ ವಿದ್ಯುತ್ ದೀಪ ಬಂತು, ಆದರೆ ಹಾಕಿದ ಕಂಪನಿಯೇ ಹೆಚ್ಚು ದಿನ ಬಾಳಲಿಲ್ಲ. ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದೇ ಕರೆಂಟಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪ ಬೆಳಗಿತು. (ಏಷ್ಯಾದಲ್ಲೇ ಮೊದಲು ಅಂತ ನಮ್ಮವರು ಹೇಳ್ತಾರೆ. ಕ್ರಾಫರ್ಡ್ ಮಾರ್ಕೆಟ್ಟಿನ ಪಕ್ಕ ಓಡಾಡುವ ನನಗೆ ಸ್ವಲ್ಪ ಅನುಮಾನ. ಬೈಬೇಡಿ.) ಕರೆಂಟು ಬಂದ ಮೇಲೂ ಕೈ ಹೋಗಲಿಲ್ಲ, ಏಣಿಯಿಂದ ಇಳಿದು ಸ್ವಿಚ್ಚಿನ ಮೇಲೆ ಕೂತಿತು ಅಷ್ಟೇ.

ಆ ಕೈಯನ್ನೂ ಬೇಡ ಅಂದದ್ದು ಈ ಅಂಗೈಯಗಲದ ಬಿಳಿ ಡಬ್ಬಿ. ಹಾಳಾದ ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಇರುವುದೆಲ್ಲ ಇನ್ನೂರು ವರ್ಷದ ಹಳೇ ಸರಕು!

ಮೊದಲನೆಯದು, ಕಣ್ಣಿಗೆ ಕಾಣದ ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣ ಬಣ್ಣಕ್ಕೂ ಥರ್ಮಾಮೀಟರ್ ಇಟ್ಟ. ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ನಮ್ಮ ನಿಮ್ಮ ಮೈಯಿಂದಲೂ ಇಂಥದೇ ಶಾಖದ ಕಿರಣ ಸದಾ ಹೊರಡುತ್ತಿರುತ್ತದೆ.

ಎರಡನೆಯದರ ಕಥೆ ಶ್ರೀಲಂಕಾದಿಂದ ಶುರು. ಡಚ್ ವ್ಯಾಪಾರಿಗಳು 18ನೇ ಶತಮಾನದ ಆರಂಭದಲ್ಲಿ ಅಲ್ಲಿಂದ ಟೂರ್ಮಲಿನ್ ಎಂಬ ಹರಳನ್ನು ಯುರೋಪಿಗೆ ಒಯ್ದರು. ಹೆಸರೇ ಸಿಂಹಳದ್ದು. ಬಿಸಿ ಮಾಡಿದರೆ ಬೂದಿಯನ್ನು ಸೆಳೆಯುತ್ತದೆ ಅಂತ ಡಚ್ಚರು ಅದನ್ನು 'ಬೂದಿ ಎಳೆಯುವ ಕಲ್ಲು' ಅನ್ನುತ್ತಿದ್ದರು. ಅದು ವಿದ್ಯುತ್ತಿನ ಆಟ ಅಂತ 1756ರಲ್ಲಿ ಏಪಿನಸ್ ತೋರಿಸಿದ, 1824ರಲ್ಲಿ ಡೇವಿಡ್ ಬ್ರೂಸ್ಟರ್ ಪೈರೋಎಲೆಕ್ಟ್ರಿಸಿಟಿ ಅಂತ ಹೆಸರಿಟ್ಟ. ಸೆನ್ಸರಿನಲ್ಲಿರುವುದು ಟೂರ್ಮಲಿನ್ ಅಲ್ಲ, ಅದೇ ಗುಣದ ಬೇರೆ ವಸ್ತು. ಅವ್ವನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಶಾಖ ಎಷ್ಟಿದೆ ಅನ್ನುವುದು ಇದಕ್ಕೆ ಬೇಕಿಲ್ಲ, ಶಾಖ ಬದಲಾದರೆ ಮಾತ್ರ ಕರೆಂಟು ಹುಟ್ಟುತ್ತದೆ. ಒಳಗೆ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಎರಡರ ಮೇಲೂ ಶಾಖ ಒಂದೇ ಸಮ ಬಿದ್ದರೆ ಲೆಕ್ಕ ಸೊನ್ನೆ. ಹಾಗಾಗಿ ಅಡ್ಡ ನಡೆದವರನ್ನು ಬೇಗ ಹಿಡಿಯುತ್ತದೆ, ನೇರ ಎದುರಿಗೆ ಬಂದವರನ್ನು ತಡವಾಗಿ. ಅಲುಗಾಡದೆ ನಿಂತವರು ಅದರ ಪಾಲಿಗೆ ಗೋಡೆ. ಮೇ ತಿಂಗಳಲ್ಲಿ ಗೋಡೆ ನೆಲ ಎಲ್ಲ ಮೈಯಷ್ಟೇ ಬಿಸಿಯಾದಾಗಲಂತೂ ನಡೆಯುವವರನ್ನು ಕೂಡ ಗುರುತಿಸಲು ತಿಣುಕುತ್ತದೆ.

ಮೂರನೆಯದು ಮೇಲಿನ ಗೆರೆಗೆರೆಯ ಪ್ಲಾಸ್ಟಿಕ್ ಮುಚ್ಚಳ. ಅದು ಫ್ರೆನೆಲ್ ಲೆನ್ಸು. ಫ್ರಾನ್ಸಿನ ಕೋರ್ದುವಾನ್ ದೀಪಸ್ತಂಭಕ್ಕೆ 1823ರಲ್ಲಿ ಹಾಕಿದ್ದು ಇದರ ಅಜ್ಜ. ಕತ್ತಲ ಕಡಲಿನ ಹಡಗುಗಳಿಗೆ ರಾತ್ರಿಯಿಡೀ ಬೆಳಕು ಕಳಿಸಲು ಹುಟ್ಟಿದ್ದು, ಇಲ್ಲಿ ನಮ್ಮ ಮೈಶಾಖವನ್ನು ಒಳಗೆ ಎಳೆದು ದೀಪ ಆರಿಸಬೇಕೋ ಬೇಡವೋ ನಿರ್ಧರಿಸುತ್ತಿದೆ.

ಕೊನೆಗೆ ವೈರ್‌ಮನ್‌ನನ್ನು ಕರೆಸಿದೆ. ಮೊದಲು ಅವನು ಸೆನ್ಸರಿಗೆ ಹೋಗುವ ಫೇಸ್ ತಂತಿಯನ್ನೇ ಕತ್ತರಿಸಿ ನಡುವೆ ಸ್ವಿಚ್ ಹಾಕಲು ಹೊರಟ. ಹಾಗೆ ಮಾಡಿದರೆ ಸ್ವಿಚ್ಚಿನಿಂದ ಸೆನ್ಸರನ್ನು ಸಾಯಿಸಬಹುದೇ ಹೊರತು ದೀಪ ಉರಿಸಲಾಗದು. ಮತ್ತೆ ಹಾಕಿದಾಗಲೂ ಅದು ಎಚ್ಚರಗೊಳ್ಳಲು ಅರ್ಧ ಒಂದು ನಿಮಿಷ ಬೇಕು. ನಮಗೆ ಬೇಕಾದದ್ದು ಪಕ್ಕದ ದಾರಿ: ಫೇಸ್ ಸೆನ್ಸರಿನ ಒಳಗಿನಿಂದ ದೀಪಕ್ಕೆ ಹೋಗುತ್ತಿರಲಿ, ಅದೇ ಫೇಸಿನಿಂದ ಇನ್ನೊಂದು ತಂತಿ ಸ್ವಿಚ್ಚಿನ ಮೂಲಕ ಸೀದಾ ದೀಪಕ್ಕೆ ಬರಲಿ. ಸ್ವಿಚ್ ಒತ್ತಿದರೆ ಸೆನ್ಸರ್ ಏನೆಂದರೂ ದೀಪ ಉರಿಯುತ್ತದೆ, ತೆಗೆದರೆ ಯಜಮಾನಿಕೆ ಮತ್ತೆ ಸೆನ್ಸರಿನದು.

ಆದರೆ ಎರಡೂ ತಂತಿ ಒಂದೇ ಎಂಸಿಬಿಯಿಂದ ಬರಬೇಕು. ದೊಡ್ಡ ಬಿಲ್ಡಿಂಗಿಗೆ ಮೂರು ಫೇಸ್ ಬರುತ್ತದೆ. ಗೇಟಿನ ಕ್ಯಾಬಿನ್‌ನಲ್ಲಿ ಹತ್ತಿರ ಸಿಕ್ಕಿತು ಅಂತ ಬೇರೆ ಫೇಸಿನಿಂದ ಎಳೆದರೆ ಎರಡು ಫೇಸ್ ಒಂದಕ್ಕೊಂದು ಮುಟ್ಟಿ, 400 ವೋಲ್ಟಿನ ಶಾರ್ಟ್! ನಮ್ಮವನು ಹಾಗೇ ಎಳೆಯಲು ಹೊರಟಿದ್ದ. ಬಯ್ಯಲಿಲ್ಲ. ಹಳೇ ಸ್ವಿಚ್ ಕೀಳಿಸಿದ ನನಗೆ ಆ ಅಧಿಕಾರ ಎಲ್ಲಿಂದ ಬರಬೇಕು?

ಸ್ವಿಚ್ಚನ್ನು ಅವ್ವನ ಕೈಗೆ ಎಟಕುವಷ್ಟು ಕೆಳಗೆ, ಮಳೆ ನೀರು ತಾಗದಂತೆ ಮುಚ್ಚಳದ ಡಬ್ಬಿಯಲ್ಲಿ ಹಾಕಿಸಿದ್ದೇವೆ. ಈಗ ಗುಡಿಗೆ ಹೋಗುವಾಗ ಒತ್ತಿ ಹೋಗುತ್ತಾಳೆ, ಬಂದಮೇಲೆ ಆರಿಸಲು ಮರೆಯುತ್ತಾಳೆ. ಬೆಳಿಗ್ಗೆ ವಾಚ್‌ಮನ್ ಆರಿಸುತ್ತಾನೆ. ಬಿಲ್ ಸ್ವಲ್ಪ ಏರಿದೆ. ಮುಂದಿನ ಮೀಟಿಂಗಿನಲ್ಲಿ ಯಾರಾದರೂ ಕೇಳಬಹುದು.